ಮನುಷ್ಯರ ಬಳಕೆಗಲ್ಲ

ಫಿನಾಯಿಲ್ ನೀರು ಹರಿದು ಬಂದು ನನ್ನ ಚಪ್ಪಲಿಯ ತುದಿಗೆ ನಿಂತಿತು, ಬಿಳಿ ನೊರೆಯಲ್ಲಿ ಒಂದು ಸತ್ತ ಇರುವೆ ತಿರುಗುತ್ತಿದೆ, ಕಾಲ ಎತ್ರಿ ಅಕ್ಕಾರ, ಒರೆಸುವವಳ ದನಿ, ಎತ್ತಿದೆ, ಎತ್ತಿಕೊಂಡೇ ಕೂತೆ, ಅವಳು ಒರೆಸುತ್ತ ಆ ತುದಿಗೆ ಹೋದರೂ ಇಳಿಸಬೇಕೆಂದು ಹೊಳೆಯಲಿಲ್ಲ, ಎದುರು ಕುರ್ಚಿಯ ಮುದುಕಿ ನೋಡುತ್ತಿದ್ದಾಳೆ, ಈಕಿಗೇನ ಆಗೇತೋ ಯವ್ವಾ ಎಂಬ ಮುಖ, ನನಗೇನೂ ಆಗಿಲ್ಲ ಅಜ್ಜಿ, ಆಗಿರುವುದು ನಮ್ಮಪ್ಪನಿಗೆ, ಆ ಗಾಜಿನ ಬಾಗಿಲಿನ ಆಚೆ ಮಲಗಿದ್ದಾನೆ, ಎದೆಗೆಲ್ಲ ತಂತಿ ಅಂಟಿಸಿದ್ದಾರೆ, ಮೂಗಿಗಿಟ್ಟ ಆಕ್ಸಿಜನ್ ಮುಖವಾಡವನ್ನು ಕಿತ್ತು ಕಿತ್ತು ಒಗೆಯುತ್ತಾನಂತೆ, ಗುಳಿಗೆ ಕೊಡಹೋದರೆ ಹಲ್ಲು ಕಚ್ಚಿ ಹಿಡಿಯುತ್ತಾನಂತೆ, ಅಮಸಿದ್ದಪ್ಪ ಅಂದರೆ ಹಾಗೇ, ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಟಗರಿನ ಕುತ್ತಿಗೆ ತಿರುಗಿಸಬಹುದು ಅವನದಲ್ಲ — ಡಾಕ್ಟರ್ ಭಾಗ್ಯಜ್ಯೋತಿ ಹೊರಗೆ ಬಂದಿದ್ದರು, ಚಿಕ್ಕ ವಯಸ್ಸು, ನನಗಿಂತ ಚಿಕ್ಕವರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಅವರ ಎದಿ ಮೊದಲ ಅರ್ಧಾ ಕೆಲಸ ಮಾಡ್ತಿತ್ತು, ಈಗ ಅದೂ ಇಲ್ರಿ, ಗುಳಗಿ ನಿಂತಾವು, ಯಾವಾಗಿಂದ ನಿಂತಾವೋ, ಇನ್ನೊಂದ ಮಾತ ಕೇಳ್ತೇನಿ, ನಾಲಿಗಿ ಯಾಕ ಹಳದಿ ಆಗೇತಿ, ಕಾಮಣಿ ಅಲ್ಲ, ಕಣ್ಣ ಬೆಳ್ಳಗ ಅದಾವು, ಏನ ತಿನ್ನತಿದ್ರು ಅವರು? ನನಗಿಂತ ಮುಂಚೆ ತಮ್ಮ ರಾಜಕುಮಾರ ಹೇಳಿಯೇ ಬಿಟ್ಟ, ನಮ್ಮ ಅಕ್ಕಾನ ಲ್ಯಾಬಿಂದ ತಂದಿದ್ದ ಪುಡಿ ಐತ್ರಿ ಮೇಡಂ, ಎದಿಗಿ ಶಕ್ತಿ ಕೊಡೋ ಪುಡಿ, ದಿನಾ ಒಂದೊಂದು. ಡಾಕ್ಟರ್ ನನ್ನ ಕಡೆ ತಿರುಗಿದರು, ಯಾವ ಪುಡಿ, ಹೆಸರು ಹೇಳ್ರಿ, ಅದರ ಮ್ಯಾಲೆ ಮುಂದಿನದು ಐತಿ. ಡಬ್ಬಿ ನೋಡಿ ಹೇಳತೇನ್ರಿ ಅಂದೆ. ಡಬ್ಬಿ ನೋಡುವುದೇನಿತ್ತು, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಹಳದಿ ಯಾಕಾಯಿತು ನಾಲಿಗೆ, ಅದು ನನಗೂ ತಿಳಿಯುತ್ತಿಲ್ಲ, ಕ್ಯಾಪ್ಸೂಲು ನುಂಗಿದವನ ನಾಲಿಗೆಗೆ ಬಣ್ಣ ಹತ್ತಬಾರದು, ಹೊಟ್ಟೆಗೆ ಹೋಗಿ ಕರಗುವಂಥದು — ಫೋನು ತೊಡೆಯ ಮೇಲೆ ಗುರ್ ಎನ್ನುತ್ತಿದೆ, ಅಂದಾನಪ್ಪ ಸರ್, ನನ್ನ ಸಂಶೋಧನೆಯ ಗೈಡು, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಒಂದು ದಿನವೂ ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ, ಲಲಿತಾ, ಎಲ್ಲಿದ್ದೀಯವ್ವಾ, ಪಾರ್ಸಲ್ ಬಂದೈತಿ, ಐಸ್ ಎಲ್ಲಾ ಕರಗೇತಿ, ಫ್ರೀಜರ್ ಕೀಲಿಕೈ ನಿನ್ನಲ್ಲೇ ಉಳದೈತಲ್ಲ. ಸರ್ ನಾನು ದವಾಖಾನೆಯಲ್ಲಿದ್ದೇನೆ, ಅಪ್ಪನಿಗೆ ಹುಷಾರಿಲ್ಲ. ಹೌದಾ, ಅಯ್ಯೋ ಶಿವನೇ, ಇರಲಿ ಇರಲಿ, ಕೀಲಿ ಒಡಸ್ತೇನಿ, ನೀ ಅಪ್ಪನ್ನ ನೋಡಿಕೋ. ಇಟ್ಟರು. ಪಾಪ, ನಿನ್ನೆಯವರೆಗೂ ಆ ಪಾರ್ಸಲಿಗೆ ನಾನೇ ಬಾಗಿಲು ಕಾಯುತ್ತಿದ್ದೆ, ಥರ್ಮೊಕೋಲ್ ಪೆಟ್ಟಿಗೆ, ಅದರೊಳಗೆ ಐಸು, ಐಸಿನೊಳಗೆ ಹತ್ತಿ, ಹತ್ತಿಯೊಳಗೆ ಹೆಬ್ಬೆರಳಿನಷ್ಟು ಕಂದು ಶೀಸೆ, ಶೀಸೆಯ ತಳದಲ್ಲಿ ಒಂದು ಚಿಟಿಕೆ ಪುಡಿ, ಎನ್‌ಎಡಿಎಚ್, ಸಹಕಿಣ್ವ, ಬಾಣಂತಿಗಿಂತ ಹೆಚ್ಚು ಜೋಪಾನ ಅದಕ್ಕೆ, ಬಿಸಿಲು ಬೀಳಬಾರದು, ತೇವ ತಾಗಬಾರದು, ಇಪ್ಪತ್ತು ಡಿಗ್ರಿ ಮೈನಸ್ಸಿನಲ್ಲಿ ಮಲಗಿರಬೇಕು, ಮೈಮೇಲೆ ಚೀಟಿ — ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಅಪ್ಪ ಒಮ್ಮೆ ಲ್ಯಾಬು ನೋಡುತ್ತೇನೆಂದು ಹಟ ಹಿಡಿದು ಬಂದಿದ್ದ, ಹೆಗಲ ಮೇಲೆ ಕಂಬಳಿ, ಬಾಗಲಕೋಟೆ ನವನಗರದ ಬಿಸಿಲಿಗೆ ಕಂಬಳಿ, ವಾಚ್‌ಮನ್ ನಕ್ಕ, ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದ, ಆವತ್ತು ಕುರಿಯ ಎದೆಗುಂಡಿಗೆ ಅರೆದಿಟ್ಟಿದ್ದೆ, ಮಟನ್ ಅಂಗಡಿಯಿಂದ ಬಿಸಿ ಆರುವ ಮೊದಲು ಐಸಿನ ಡಬ್ಬಿಯಲ್ಲಿ ತಂದ ಎದೆ, ಅದರ ರಸಕ್ಕೆ ಈ ಪುಡಿಯ ನೀರು ಒಂದು ಹನಿ ಹಾಕಿದರೆ ಯಂತ್ರದ ಪರದೆಯ ಮೇಲೆ ಗೆರೆ ಇಳಿಯುತ್ತದೆ, ಯಾಕ ಇಳಿತೈತವ್ವಾ ಅದು? ಪುಡಿ ಖರ್ಚ ಆಗಾಕತ್ತೈತಿ ಅಪ್ಪಾ, ಎದಿ ಇನ್ನೂ ಕೆಲಸ ಮಾಡಾಕತ್ತೈತಿ. ಸತ್ತ ಕುರೀ ಎದಿನಾ? ಹೂಂ, ಸ್ವಲ್ಪ ಹೊತ್ತು. ಅವನು ಪರದೆಯನ್ನೇ ನೋಡುತ್ತ ನಿಂತ, ಮರಿ ಹಾಕುವ ಕುರಿಯ ಮುಂದೆ ನಿಲ್ಲುವ ಹಾಗೆ, ಉಸಿರು ಬಿಗಿ ಹಿಡಿದು. ಏನದು ಪುಡಿ ಅಂದ. ನಾನು ದೊಡ್ಡ ಪಂಡಿತಳಂತೆ ತಿಳಿಸಿ ಹೇಳಿದೆ, ಉಂಡ ಅನ್ನದ ಕಾವನ್ನು ಹೊತ್ತುಕೊಂಡು ಹೋಗಿ ಒಳಗಿನ ಒಲೆಗೆ ಹಾಕುವ ಆಳು ಇದು ಅಪ್ಪಾ, ಎಲ್ಲರ ಮೈಯಲ್ಲೂ ಇರುತ್ತೆ, ಇದಿಲ್ಲದಿದ್ದರೆ ಎದೆ ಬಡಿಯುವುದಿಲ್ಲ. ಹೇಳಬಾರದಿತ್ತು. ಹೊಗಳಿಕೆಗೆ ಹುಟ್ಟಿದವಳು ನಾನು, ಅಪ್ಪನ ಕಣ್ಣು ದೊಡ್ಡದಾಗುವುದನ್ನು ನೋಡಬೇಕಿತ್ತು ನನಗೆ.

ಅವನು ಊರಿಗೆ ಹೋಗಿ ಅದನ್ನೇ ಹೇಳಿಕೊಂಡು ತಿರುಗಿದ, ಪಟ್ಟದಕಲ್ಲಿಗೆ ಬಸ್ಸು ಹತ್ತಿದವರ ಹತ್ತಿರ, ಹೊಳೆದಂಡೆಯಲ್ಲಿ ಕುರಿ ತೊಳೆಯುವವರ ಹತ್ತಿರ, ನನ್ನ ಮಗಳ ಕೈಯಾಗ ಎದಿ ಹೊಡಕೊಳ್ಳೋ ಪುಡಿ ಐತಿ, ಮುಂದಿನ ಸಲ ನಾನು ಊರಿಗೆ ಹೋದಾಗ ಅವನಿಗೆ ಕಟ್ಟೆ ಹತ್ತಿದರೂ ಏದುಸಿರು, ಕಾಲು ಊದಿ ಚಪ್ಪಲಿ ಹಿಡಿಸದು, ಗುಳಿಗೆಯ ಮೇಲೆ ಗುಳಿಗೆ, ತಮ್ಮ ರಾಜ್ಯಾ ಊಟದ ತಾಟು ಸರಿಸಿ ಶುರು ಮಾಡಿದ, ಯಕ್ಕಾ, ಆ ಪುಡಿ ತಂದು ಅಪ್ಪಗ ಯಾಕ ಕೊಡವಲ್ಲಿ? ಅದು ಮನುಷ್ಯರಿಗಲ್ಲೋ, ಚೀಟಿ ಮ್ಯಾಲೆ ಬರದೈತಿ. ಎಲ್ಲಾರ ಮೈಯಾಗ ಐತಿ ಅಂತಿ, ಮನಷ್ಯಾರಿಗಲ್ಲ ಅಂತಿ, ಯಾವದು ಖರೆ? ಎರಡೂ ಖರೆ, ಆದರೆ ಅವನಿಗೆ ಹೇಗೆ ಹೇಳಲಿ, ಆ ಪುಡಿ ಹೊಟ್ಟೆಗೆ ಹೋದರೆ ಎದೆಯ ತನಕ ಮುಟ್ಟುತ್ತದೋ ಇಲ್ಲವೋ, ಅದರಲ್ಲಿ ಬೇರೆ ಏನು ಬೆರೆತಿದೆಯೋ, ಅದನ್ನು ಮಾಡಿದವರೇ ಯಾರ ಬಾಯಿಗೂ ಹಾಕಬೇಡಿ ಅಂದಿದ್ದಾರೆ, ನಮ್ಮಪ್ಪ ಪ್ರಯೋಗದ ಕುರಿಯೇ? ಅಪ್ಪ ಗೋಡೆಗೊರಗಿ ನಗುತ್ತಿದ್ದ, ಸತ್ತ ಕುರಿಗಿ ಉಣಸ್ತಾಳ, ಜೀವ ಇದ್ದ ಅಪ್ಪಗ ಇಲ್ಲ ನೋಡಪಾ, ನಗೆಗೆ ಹೇಳಿದ್ದು, ನನ್ನ ಎದೆಗೆ ಮುಳ್ಳು ಮುರಿದ ಹಾಗಾಯಿತು. ರಾಜ್ಯಾ ನಗಲಿಲ್ಲ. ಊರಿಗಿ ಉಪಕಾರಿ ಮನಿಗಿ ಮಾರಿ ಅಂದ. ಎದ್ದು ದೇವರ ಜಗಲಿಯ ಮೇಲಿಂದ ಬೀರಪ್ಪನ ಭಂಡಾರದ ಬಟ್ಟಲು ತಂದು ನನ್ನ ಮುಂದಿಟ್ಟ, ಗುಡಿಯ ಅರಿಷಿಣ ಪುಡಿ, ಮಳೆಗೂ ಮದುವೆಗೂ ಅದೇ, ಹಣೆಗೂ ಕುರಿದಡ್ಡಿಯ ಬಾಗಿಲಿಗೂ ಅದೇ, ಮುಟ್ಟಿ ಆಣಿ ಮಾಡು, ಅಪ್ಪನ ಎದಿಗಿ ತರತೇನಿ ಅಂತ ಹೇಳು, ನೋಡೋಣು. ನಮ್ಮ ಮನೆಯಲ್ಲಿ ಭಂಡಾರ ಮುಟ್ಟಿ ಸುಳ್ಳಾಡಿದವರಿಲ್ಲ, ಚಿಕ್ಕಪ್ಪ ಒಬ್ಬ ಆಡಿದ ಅಂತ ಅವನ ಹೆಸರನ್ನೇ ಎತ್ತುವುದಿಲ್ಲ. ಬಿಡಪಾ ಆಕೀನ್ನ ಅಂದ ಅಪ್ಪ. ಆದರೆ ಅವನ ಕಣ್ಣು ಬಿಡು ಅನ್ನುತ್ತಿರಲಿಲ್ಲ, ಬದುಕುವ ಆಸೆ ಇತ್ತು ಆ ಕಣ್ಣಲ್ಲಿ, ಇದ್ದೇ ಇತ್ತು, ನಾನು ನೋಡಿದ್ದೇನೆ, ಮುಂದಿನ ಮಳೆಗಾಲದ ಮರಿಗಳ ಲೆಕ್ಕ ಆಗಲೇ ಹಾಕುತ್ತಿದ್ದ. ಬೆರಳು ಅದ್ದಿದೆ. ತರತೇನಿ ಅಂದೆ.

ಬಾದಾಮಿಯಿಂದ ಬಾಗಲಕೋಟೆಗೆ ಬಸ್ಸಿನ ಉದ್ದಕ್ಕೂ ತಲೆ ಕಾದ ಹಂಚು, ಕದಿಯಲೇ, ಸರ್ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಕದ್ದರೂ ಕೊಡಲಾರೆ, ಕೊಡದಿದ್ದರೆ ಆಣೆ, ಅತ್ತ ದರಿ ಇತ್ತ ಪುಲಿ, ಗುಳೇದಗುಡ್ಡದ ತಿರುವಿನಲ್ಲಿ ಬಸ್ಸು ಎತ್ತಿ ಹಾಕಿದಾಗ ಹೊಳೆಯಿತು, ಚೀಲದಲ್ಲಿ ರಾಜ್ಯಾ ಕಟ್ಟಿಕೊಟ್ಟ ಭಂಡಾರದ ಪೊಟ್ಟಣ ಇತ್ತಲ್ಲ, ಆಣೆ ಮಾಡಿದ ಮೇಲೆ ಕಟ್ಟಿಕೊಡಬೇಕು, ಪದ್ಧತಿ, ನಮ್ಮ ಆ ಪುಡಿಯೂ ತಿಳಿಹಳದಿ, ಇದೂ ಹಳದಿ, ಅಪ್ಪ ಅದನ್ನು ಶೀಸೆಯ ಹೊರಗೆ ಕಂಡಿಲ್ಲ — ಭಂಡಾರ ಮುಟ್ಟಿ ಆಣೆ ಮಾಡಿದೆ, ಭಂಡಾರವನ್ನೇ ಕೊಡುತ್ತೇನೆ, ದೇವರ ಮುಂದೆ ಸುಳ್ಳಾಗುವುದಿಲ್ಲ, ಅಪ್ಪನಿಗೆ ನಂಬಿಕೆಯಾಗುತ್ತದೆ, ಅರಿಷಿಣ ಯಾರನ್ನೂ ಕೊಲ್ಲುವುದಿಲ್ಲ, ಗುಳಿಗೆಗಳ ಜೊತೆಗೆ ಅದೊಂದು. ಎಷ್ಟು ಜಾಣೆ ನಾನು. ಬೆನ್ನು ತಟ್ಟಿಕೊಂಡೆ. ಫಾರ್ಮಸಿ ಕಲಿತ ಗೆಳತಿಯಿಂದ ಖಾಲಿ ಕ್ಯಾಪ್ಸೂಲು ತಂದು, ಬಾಡಿಗೆ ಕೋಣೆಯ ನೆಲದ ಮೇಲೆ ಪೇಪರು ಹಾಸಿ, ಬೆಂಕಿಕಡ್ಡಿಯ ತುದಿಯಿಂದ ತುಂಬಿದೆ, ಒಂದೊಂದಕ್ಕೂ ಮುಚ್ಚಳ ಹಾಕಿ ಒರೆಸಿ, ಲ್ಯಾಬಿನ ಖಾಲಿ ಕಂದು ಶೀಸೆಗೆ, ಚೀಟಿ ಕಿತ್ತಿರಲಿಲ್ಲ, ಬೇಕಂತಲೇ ಕಿತ್ತಿರಲಿಲ್ಲ, ಇಂಗ್ಲಿಷ್ ಅಕ್ಷರ ಕಂಡರೆ ಇನ್ನಷ್ಟು ನಂಬುತ್ತಾನೆ ಎಂದು. ಉಗುರಿಗೆ ಹತ್ತಿದ ಹಳದಿ ನಾಲ್ಕು ದಿನ ಹೋಗಲಿಲ್ಲ. ಅಪ್ಪ ಎರಡೂ ಕೈ ಬೊಗಸೆ ಮಾಡಿ ಶೀಸೆ ಇಸಿದುಕೊಂಡ, ತಲೆಗೆ ಮುಟ್ಟಿಸಿಕೊಂಡ, ಗುಳಗಿ ಬಿಡಬಾರದು ನೋಡಪ್ಪಾ, ಇದು ಜೊತಿಗಿ, ಹೂಂನವ್ವಾ ಹೂಂ. ಮತ್ತು ಅವನು ಬದಲಾದ, ದೇವರಾಣೆ ಬದಲಾದ, ಮುಂದಿನ ಸಲ ಹೋದಾಗ ಮುಖದಲ್ಲಿ ಏನೋ ತಿಳಿ, ಹಳೆಯ ಗೊಣಗಾಟ ಇಲ್ಲ, ರಾಜ್ಯಾನ ಮೇಲೆ ಕೂಗಾಟ ಇಲ್ಲ, ನನ್ನನ್ನು ಪಕ್ಕ ಕೂರಿಸಿಕೊಂಡು ಸಜ್ಜೆ ರೊಟ್ಟಿ ಮುರಿದು ಬಾಯಿಗಿಟ್ಟ, ಈ ವಯಸ್ಸಿನವಳ ಬಾಯಿಗೆ, ಕುರಿಗಳಿಗೆ ಬಣ್ಣ ಹಚ್ಚಿ ಇವು ರಾಜ್ಯಾನವು ಇವು ನಿನ್ನವು ಎಂದು ಬೇರೆ ಮಾಡಿದ, ನಂಗ್ಯಾಕ ಕುರಿ ಅಪ್ಪಾ ಅಂದರೆ ಲ್ಯಾಬಿನಾಗ ಕಟ್ಟಿಕೋ ಅಂತ ನಕ್ಕ, ಅವ್ವನ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಚೀಲಕ್ಕೆ ತುರುಕಿದ, ಹೊಳೆದಂಡೆಗೆ ಹೋಗಿ ಅವಳನ್ನು ಮಣ್ಣು ಮಾಡಿದ ಜಾಗದ ಕಲ್ಲು ಸರಿಮಾಡಿ ಬಂದನಂತೆ, ಪಕ್ಕದ ಜಾಲಿಯನ್ನೂ ಕಡಿದು ಹಸನು ಮಾಡಿದನಂತೆ. ನನಗೆ ಖುಷಿಯೋ ಖುಷಿ. ಅಂದಾನಪ್ಪ ಸರ್ ಮುಂದೆ ಬಾಯಿಬಿಟ್ಟೆ, ಸರ್, ನಂಬಿಕೆ ಅನ್ನೋದು ಎಷ್ಟು ದೊಡ್ಡ ಔಷಧ ನೋಡಿ. ಅವರು ಕನ್ನಡಕ ತೆಗೆದು ಒರೆಸುತ್ತ, ನಂಬಿಕಿ ಏನೋ ಖರೆ ಲಲಿತಾ, ಆದರ ಅವರು ಏನ ನಂಬ್ಯಾರ ಅಂತ ಕೇಳಿ ನೋಡಿಯೇನು? ಕೇಳಲಿಲ್ಲ. ಏನು ಕೇಳುವುದು, ಕಣ್ಣಿಗೆ ಕಾಣುತ್ತಿದೆಯಲ್ಲ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಜೀಪಿನಲ್ಲಿ ಹಾಕಿಕೊಂಡು ಬಂದಾಗ ಅಪ್ಪನ ತುಟಿ ನೇರಳೆಯಾಗಿತ್ತು, ಎದೆ ಬಾವಿ ರಾಟೆಯಂತೆ ಕಿರುಗುಟ್ಟುತ್ತಿತ್ತು, ದವಾಖಾನೆಯವರು ಒಳಗೆ ಎತ್ತಿಕೊಂಡು ಹೋದ ಮೇಲೆ ರಾಜ್ಯಾ ಅಪ್ಪನ ಎಲೆ ಅಡಿಕೆಯ ಚಂಚಿ ಬಿಚ್ಚಿ ನನ್ನ ಮುಂದೆ ಕೊಡವಿದ, ಗುಳಿಗೆ, ಬರೀ ಗುಳಿಗೆ, ಚಂಚಿಯ ಒಂದು ಅರೆಯ ತುಂಬ, ಸುಣ್ಣದ ಡಬ್ಬಿಯ ಜೊತೆ, ಒಂದನ್ನೂ ಮುಟ್ಟಿಲ್ಲ, ನಿನ್ನ ಪುಡಿ ಬಂತು, ಇವನ್ನ ಬಿಟ್ಟ ನೋಡು, ಖರೆ ಹೇಳು ಯಕ್ಕಾ, ಏನ ಕೊಟ್ಟಿದ್ದಿ? ಅವನ ಕಣ್ಣಲ್ಲಿ ನೀರು, ಪುಂಡ, ಚಿಕ್ಕಂದಿನಲ್ಲಿ ಬಿದ್ದರೂ ಅಳದವನು, ತಪ್ಪ ನಂದೂ ಐತಿ, ನಾನ ಆಣಿ ಹಾಕಸಿದೆ, ಮನಷ್ಯಾರಿಗಲ್ಲ ಅಂತ ನೀ ಹೇಳೇ ಹೇಳಿದ್ದಿ. ಅವನು ಅದು ವಿಷ ಅಂದುಕೊಂಡಿದ್ದಾನೆ. ತಾನೇ ಹಾಕಿಸಿದೆ ಅಂದುಕೊಂಡಿದ್ದಾನೆ. ಹೇಳಿಬಿಡಬೇಕು, ಅರಿಷಿಣ ಕಣೋ, ಗುಡಿಯ ಅರಿಷಿಣ, ಹೇಳಿದರೆ ಭಂಡಾರದ ಮೇಲೆ ಆಟ ಆಡಿದವಳಾಗುತ್ತೇನೆ, ಚಿಕ್ಕಪ್ಪನ ಹೆಸರಿನ ಪಕ್ಕ ನನ್ನ ಹೆಸರು, ಹೇಳದಿದ್ದರೆ ಒಳಗೆ ಆ ಹುಡುಗಿ ಡಾಕ್ಟರ್ ಇಲ್ಲದ ವಿಷ ಹುಡುಕುತ್ತ ಹೊತ್ತು ಕಳೆಯುತ್ತಾರೆ, ಅಪ್ಪನ ಹೊತ್ತು, ಅವನಲ್ಲಿ ಉಳಿದಿರುವುದೇ ಅಷ್ಟು — ಚಹಾ ತರತೇನಿ ಅಂತ ರಾಜ್ಯಾ ಮೆಟ್ಟಿಲಿಳಿದ ಕೂಡಲೇ ಎದ್ದೆ, ಗಾಜಿನ ಬಾಗಿಲು ಬಡಿದೆ, ಮೇಡಂ, ಅದು ಬರೀ ಅರಿಷಿಣ್ರಿ, ಲ್ಯಾಬಿಂದಲ್ಲ, ನಾನು ತುಂಬಿದ್ದು, ಬೇರೆ ಏನೂ ಇಲ್ಲ, ನಿಮ್ಮ ಕಾಲ ಬೀಳತೇನಿ, ತಮ್ಮನಿಗೆ ಈಗ ಹೇಳಬ್ಯಾಡ್ರಿ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ಗೋಡೆಗೆ ಕೈಯೂರಿ ಉಸಿರು ಬಿಟ್ಟರು, ಹಂಗಾರ ಛಲೋ ಆತು, ಅದರಿಂದ ಏನೂ ಆಗೂದಿಲ್ಲ, ಗುಳಗಿ ಬಿಟ್ಟಿದ್ದಕ್ಕ ನೀರು ಪುಪ್ಪಸಕ್ಕ ಏರೇತಿ, ಇನ್ನೂ ಕೈ ಮೀರಿಲ್ರಿ, ಮುಖವಾಡ ಹಾಕ್ಕೊಂಡ್ರ, ಕೊಟ್ಟಿದ್ದ ನುಂಗಿದ್ರ, ಮನಿಗಿ ಹೋಗ್ತಾರ, ಆದರ ಸೂಜಿ ಸೈತ ಕಿತ್ತ ಒಗದಾರ, ಕೈ ಕಟ್ಟಬೇಕಾಗೇತಿ, ಕಟ್ಟಿದ್ರ ಎದಿ ಇನ್ನೂ ಜೋರ ಹೊಡಕೋತೈತಿ, ಯಾಕ ಬ್ಯಾಡ ಅಂತಾರ ಒಂದ ಮಾತ ಕೇಳ್ರಿ, ನೀವು ಹೇಳಿದ್ದ ಕೇಳ್ತಾರಂತಲ್ಲ? ಕೇಳುತ್ತಾನೆ. ಲೋಕದಲ್ಲಿ ನನ್ನ ಮಾತೊಂದೇ ಕೇಳುತ್ತಾನೆ. ನನ್ನ ಅಂಗೈಯಲ್ಲಿ ಒಂದು ಬಿಳಿ ಗುಳಿಗೆ ಇಟ್ಟರು, ಇದು ಮೊದಲ, ಇದನ್ನ ನುಂಗಸ್ರಿ.

ಒಳಗೆ ತಂಪು, ಲ್ಯಾಬಿನ ಫ್ರೀಜರಿನ ಬಾಗಿಲು ತೆಗೆದಾಗಿನ ತಂಪು, ಅಪ್ಪ ಇಷ್ಟು ಸಣ್ಣವನೇ, ಕಂಬಳಿ ಇಲ್ಲದೆ ಅವನನ್ನು ನಾನು ಯಾವಾಗ ನೋಡಿದ್ದೆ, ಹಸಿರು ಚಾದರದ ಮೇಲೆ ಕರಿಯ ಕೈ, ಪಕ್ಕದ ಪರದೆಯ ಮೇಲೆ ಗೆರೆ ಓಡುತ್ತಿದೆ, ಆ ಕಡೆ ನೋಡಬಾರದು, ಮುಖವಾಡ ಕತ್ತಿನಲ್ಲಿ ಜೋತಾಡುತ್ತಿದೆ, ಬಂದಿಯವ್ವಾ ಅಂದ, ಅರ್ಧ ಉಸಿರು ಅರ್ಧ ಮಾತು. ಅಪ್ಪಾ, ನಾ ನಿನಗ ಸುಳ್ಳ ಹೇಳಿದ್ನಿ, ಅದು ಲ್ಯಾಬಿನ ಪುಡಿ ಅಲ್ಲ, ನೀ ಅದನ್ನ ನಂಬಿ ಗುಳಗಿ ಬಿಟ್ಟೀದಿ, ಅದು ಭಂಡಾರ ಅಪ್ಪಾ, ಬರೀ ಭಂಡಾರ, ಹೇಳಿದೆ, ಒಂದೇ ಉಸಿರಿಗೆ, ಮುಖ ಮುಚ್ಚಿಕೊಂಡೆ, ಬೈ, ಹೊಡಿ, ಉಗುಳು. ಅವನು ನನ್ನ ಕೈ ಸರಿಸಿದ. ಗೊತ್ತಿತ್ತವ್ವಾ. ಏನು ಗೊತ್ತಿತ್ತು? ಮೊದಲನೇ ದಿನಾನ ಗೊತ್ತಾತು, ನುಂಗಾಕ ಬರಲಿಲ್ಲ, ಗಂಟಲಾಗ ಸಿಗಬೀಳ್ತಿತ್ತು, ಬಿಚ್ಚಿ ನಾಲಿಗಿ ಮ್ಯಾಲೆ ಹಾಕ್ಕೊಂಡೆ, ಹುಟ್ಟಿದಾಗಿಂದ ತಿಂದೇನಿ, ಬೀರಪ್ಪನ ಭಂಡಾರ ನನಗ ತಿಳಿಯೂದಿಲ್ಲೇನ? ಮತ್ತೆ ಯಾಕ ಕೇಳಲಿಲ್ಲ ಅಪ್ಪಾ, ಯಾಕ ಗುಳಗಿ ಬಿಟ್ಟಿ? ಅವನು ನೋಡಿದ, ನಾನೇ ಏನೋ ತಿಳಿಯದವಳ ಹಾಗೆ, ಸಣ್ಣ ಮಗುವಿಗೆ ಹೇಳುವ ಹಾಗೆ ನಿಧಾನ, ನಡುನಡುವೆ ಉಸಿರು ಹುಡುಕುತ್ತ, ನೀ ಅಷ್ಟ ಓದಿದಾಕಿ, ಎದೀದು ಎಲ್ಲಾ ಬಲ್ಲಾಕಿ, ಔಷಧ ಇದ್ದಿದ್ದರ ನೀ ನನಗ ಔಷಧಾನ ಕೊಡತಿದ್ದಿ, ನನ್ನ ಮಗಳು ಭಂಡಾರ ಕೊಟ್ಟಾಳಂದ್ರ ಇನ್ನ ಔಷಧ ಉಳದಿಲ್ಲ ಅಂತ ಅರ್ಥ, ಬಾಯಿ ಬಿಟ್ಟ ಹೇಳಾಕ ಆಗದ ಹಿಂಗ ಹೇಳ್ಯಾಳ ಅಂತ ತಿಳಕೊಂಡೆ, ನಿಮ್ಮವ್ವಗ ಕಡೀಕ ಬಾಯಾಗ ನಾ ಏನ ಹಾಕಿದ್ದೆ?

ಅವ್ವ. ಪಡಸಾಲೆಯ ಚಾಪೆಯ ಮೇಲೆ, ದವಾಖಾನೆಯವರು ಇನ್ನು ಮನೆಗೆ ಒಯ್ಯಿರಿ ಅಂದ ಮೇಲೆ, ಮಾಯವ್ವಾ ಬಾಯಿ ತೆಗಿ, ಅಪ್ಪ ಹೆಬ್ಬೆರಳಲ್ಲಿ ಅವಳ ಗದ್ದ ಇಳಿಸಿ ಒಂದು ಚಿಟಿಕೆ ಭಂಡಾರ ಹಾಕಿದ, ನಾಲಿಗೆ ಹಳದಿಯಾಯಿತು, ಅದಾದ ಮೇಲೆ ಯಾವ ಮದ್ದೂ ಹಾಕಬಾರದು, ಒಂದು ಗುಳಿಗೆ ಕೂಡ, ಅದು ಕಡೆಯ ತುತ್ತು, ನಮ್ಮವರೆಲ್ಲರಿಗೂ ಗೊತ್ತಿರುವುದು, ನನಗೂ ಗೊತ್ತಿದ್ದದ್ದು, ನಾನೇ ತಲೆಯ ಹತ್ತಿರ ದೀಪ ಹಿಡಿದು ನಿಂತಿದ್ದೆ, ಹೇಗೆ ಮರೆತೆ, ಬೆಂಕಿಕಡ್ಡಿಯ ತುದಿಯಿಂದ ತುಂಬುವಾಗ ಹೇಗೆ ಒಮ್ಮೆಯೂ ನೆನಪಾಗಲಿಲ್ಲ, ದಿನಾ ಒಂದು ಕಡೆಯ ತುತ್ತು, ದಿನಾ ಒಂದು, ನೀನು ಸಾಯುತ್ತೀ ನೀನು ಸಾಯುತ್ತೀ ಎಂದು ಮಗಳು ಕಳಿಸಿದ್ದಾಳೆ ಅಂತ ಅವನು ತಿಳಿದ, ಒಪ್ಪಿಕೊಂಡ, ಆ ಮುಖದ ತಿಳಿ, ಆ ರೊಟ್ಟಿ, ಬಣ್ಣ ಹಚ್ಚಿದ ಕುರಿ, ಅವ್ವನ ಪಕ್ಕದ ಜಾಗ ಹಸನು ಮಾಡಿದ್ದು, ನನ್ನ ಖುಷಿಯೋ ಖುಷಿ — ಇಲ್ಲಪ್ಪಾ, ಇಲ್ಲ, ಔಷಧ ಐತಿ, ಆಗೂ ಇತ್ತು, ಈಗೂ ಐತಿ, ಡಾಕ್ಟರ್ ಹೇಳ್ಯಾರ, ಇದ ನೋಡು, ಇದನ್ನ ನುಂಗು, ಮನಿಗಿ ಹೋಗೋಣು, ಬೀರಪ್ಪನಾಣೆ ಖರೆ ಹೇಳ್ತೇನಿ. ಆಣೆ ಅಂದ ಕೂಡಲೆ ಅವನು ನಕ್ಕ. ಸಿಟ್ಟಿಲ್ಲ, ಕುಹಕವಿಲ್ಲ, ನನ್ನ ಮೇಲೆ ಕರುಣೆ. ಅಳಬ್ಯಾಡ ನನ್ನವ್ವಾ, ಈಗೂ ನನ್ನ ಸಲುವಾಗಿ ಸುಳ್ಳ ಹೇಳ್ತಿ. ಸುಳ್ಳಲ್ಲ ಅಪ್ಪಾ. ಹೂಂ, ಹೂಂ, ಸುಳ್ಳಲ್ಲ, ನಿನ್ನ ಕೈಯಿಂದ ಏನರ ಹಾಕು, ಹಾಕಿ ಬಿಡು. ಬಾಯಿ ತೆರೆದ. ಯಾರಿಗೂ ತೆರೆಯದಿದ್ದ ಬಾಯಿ, ಬಿದಿರ ಗೊಟ್ಟದಲ್ಲಿ ಔಷಧ ಕುಡಿಸಿಕೊಳ್ಳುವ ಮರಿಯ ಹಾಗೆ ಗದ್ದ ಎತ್ತಿ, ಪೂರ್ತಿ. ನಾಲಿಗೆ ಹಳದಿ, ಅವ್ವನ ನಾಲಿಗೆ, ಅಪ್ಪನ ನಾಲಿಗೆ, ಬೇರಿನ ತನಕ ಹಳದಿ. ಗುಳಿಗೆ ಇಟ್ಟೆ. ನಾಲಿಗೆಯ ನಡುವೆಯೇ ಇಟ್ಟೆ. ನುಂಗಪ್ಪಾ. ಅವನ ಕಣ್ಣು ನನ್ನ ಮೇಲೆ, ಉಸಿರಿದೆ, ಬಾಯಿ ತೆರೆದೇ ಇದೆ. ಕಡೆಯ ತುತ್ತಿನ ಮೇಲೆ ಮದ್ದು ಹೋಗಬಾರದು. ನುಂಗು. ನನ್ನ ಮಾತು ಕೇಳಿ ತೆರೆದ, ಅಷ್ಟೇ ಕೇಳಿದ. ಅಪ್ಪಾ ನುಂಗು. ಹಳದಿ ನಾಲಿಗೆಯ ಮೇಲೆ ಬಿಳಿ ಗುಳಿಗೆ. ಕರಗುತ್ತಿಲ್ಲ. ಒಣಗಿದ ನಾಲಿಗೆ. ಬಿಳಿ ಗುಳಿಗೆ, ಹಳದಿ ನಾಲಿಗೆಯ ಮೇಲೆ, ಹಾಗೇ ಇದೆ, ನಾನಿಟ್ಟಲ್ಲೇ ಇದೆ